ಪರದೆಯ ಹಿಂದಿನ ನಲ್ವೋಗ ಆಂಟಿ

ಕಂಪಾಲಾದ ನಮ್ಮ ಅನಾಥ ಮಕ್ಕಳ ಗಾಯನ ತಂಡ ಯಾವ ಊರಿನ ಚರ್ಚಿಗೆ ಹೋದರೂ ನಲ್ವೋಗ ಆಂಟಿ ವ್ಯಾನಿನಿಂದ ಮೊದಲು ಇಳಿಸುವುದು ಡೋಲುಗಳನ್ನಲ್ಲ, ವ್ಯಾಸಲೀನ್ ಡಬ್ಬಿಯನ್ನು. ಮಕ್ಕಳ ಕಾಲು ಮಿಂಚದಿದ್ದರೆ ಸ್ತೋತ್ರ ದೇವರಿಗೆ ಮುಟ್ಟುವುದಿಲ್ಲವೆಂದೇ ಅವರ ನಂಬಿಕೆ. “ಲೇ ವಾಸ್ವಾ, ಒಣಗಿದ ಮರಗೆಣಸಿನ ಹಾಗೆ ಬಂದಿದ್ದೀಯಲ್ಲೋ, ಚಾಚು ಕಾಲು!” ಎಂದು ಗದರುತ್ತಲೇ ಉಜ್ಜುತ್ತಾರೆ. ಹಾಡು ಶುರುವಾದರೆ ಪರದೆಯ ಹಿಂದೆ ನಿಂತು ಎಲ್ಲರ ಸಾಲುಗಳಿಗೂ ತುಟಿಯಾಡಿಸುತ್ತಾರೆ. ವೇದಿಕೆಗೆ ಮಾತ್ರ ಬರುವವರಲ್ಲ. ಮೊನ್ನೆ ಮಸಾಕಾ ಊರಿನ ಚರ್ಚಿನಲ್ಲಿ ಪಾಸ್ಟರೊಬ್ಬರು ಪುಟ್ಟ ನಕಿರ್ಯಾಳ ಕೈಗೆ ಮೈಕು ಕೊಟ್ಟು, “ನಿಮ್ಮಮ್ಮ ಹೇಗೆ ತೀರ್ಕೊಂಡ್ರು ಹೇಳು ಮಗಳೇ, ಜನ ಕೈಬಿಚ್ಚಿ ಕೊಡ್ತಾರೆ” ಎಂದರು. ಮಗು ಪರದೆಯತ್ತ ತಿರುಗಿ ನೋಡಿತು. ಆಂಟಿ ಜಿಡ್ಡುಗೈಯಲ್ಲೇ ವೇದಿಕೆಗೆ ಬಂದು, ಹಿರಿಯರೆದುರು ನಮ್ಮ ಹೆಂಗಸರು ಕೂರುವಂತೆ ಮಂಡಿಯೂರಿ, “ಅಯ್ಯಾ, ಇವಳು ಹಾಡೋಕೆ ಬಂದಿರೋದು. ಅವಳಮ್ಮನ ಸಾವು ಅವಳಿಗೇ ಇರ್ಲಿ” ಎಂದರು. ಪಾಸ್ಟರು ತಲೆತಗ್ಗಿಸಿ, “ಆಗ್ಲಿ, ಹಾಡು ಮಗಳೇ” ಎನ್ನುವವರೆಗೂ ಆಂಟಿ ಮೇಲೇಳಲಿಲ್ಲ.