ಕಿವಿ ಟೀಚರ್ ಸಹಿ ಹಾಕದ ಪಾಠ

ಮೂವತ್ತೆರಡು ವರ್ಷ ಲೆಕ್ಕ ಕಲಿಸಿ ನಿವೃತ್ತರಾದ ಅವರಿಗೆ ಮಕ್ಕಳು ಇಟ್ಟ ಹೆಸರು ಕಿವಿ ಟೀಚರ್. ಶಾಲೆಯ ಎದುರಿನ ವಿಡಿಯೋ ಗೇಮ್ ಅಂಗಡಿಗೆ ನುಗ್ಗಿ, ಕೈಗೆ ಸಿಕ್ಕವನ ಕಿವಿ ಹಿಡಿದು ರಸ್ತೆ ದಾಟಿಸುತ್ತಿದ್ದರು. ಎರಡು ಕೈಗೆ ಇಬ್ಬರು ಸಿಕ್ಕ ದಿನವಂತೂ ಅವರ ನಡಿಗೆಯ ಗತ್ತೇ ಬೇರೆ. ಆ ಬೀದಿ ನೆನಪಾದರೆ ಇಂದಿಗೂ ಅವರ ಬೆರಳು ಜುಮ್ಮೆನ್ನುತ್ತದೆ.

ಅಂಗಡಿ ಮುಚ್ಚಿ ಎಷ್ಟೋ ಕಾಲವಾಯಿತು. ಅಲ್ಲಿ ಕಿವಿ ಹಿಂಡಿಸಿಕೊಂಡವನೊಬ್ಬ ಈಗ ಮಕ್ಕಳ ಪಾಠದ ಸಾಫ್ಟ್‌ವೇರ್ ಮಾಡುತ್ತಾನೆ. ಲೆಕ್ಕ ಪರೀಕ್ಷಿಸಲು ಟೀಚರನ್ನೇ ಕರೆಸಿಕೊಂಡಿದ್ದ. ಅವರ ಸಹಿಯಿಲ್ಲದೆ ಯಾವ ಪಾಠವೂ ಶಾಲೆಗೆ ಹೋಗುವಂತಿರಲಿಲ್ಲ. ಅವನು ಎರಡು ವರ್ಷ ಜೀವ ತೇಯ್ದು ಮಾಡಿದ ಭಿನ್ನರಾಶಿಯ ಪಾಠಕ್ಕೆ ಮಾತ್ರ ಅವರು ಸುತರಾಂ ಒಪ್ಪಲಿಲ್ಲ. ಅದರ ತುಂಬ ನಕ್ಷತ್ರ, ಪದಕ, ತುತ್ತೂರಿ.

"ಪಾಠಾನ ಆಟದಂಗಡಿ ಮಾಡಿಟ್ಟಿದ್ದೀಯಲ್ಲೋ!"

"ಮಕ್ಕಳನ್ನೇ ಕೂರಿಸಿ ನೋಡೋಣ ಟೀಚರ್."

ಮರುದಿನ ಹತ್ತು ಮಕ್ಕಳು ಬಂದರು. ತಪ್ಪು ಉತ್ತರಕ್ಕೆ ಅವನು ಮುದುಕನೊಬ್ಬ ಸೀನುವ ಸದ್ದು ಇಟ್ಟಿದ್ದ. ಮಕ್ಕಳಿಗೆ ತುತ್ತೂರಿಗಿಂತ ಅದೇ ಹಿಡಿಸಿತು. ಉತ್ತರ ಗೊತ್ತಿದ್ದವರೂ ಬೇಕೆಂದೇ ತಪ್ಪು ಒತ್ತತೊಡಗಿದರು. ಕೋಣೆ ತುಂಬ ಸೀನೋ ಸೀನು. ಅವನು ಇಂಗು ತಿಂದ ಮಂಗನಂತೆ ನಿಂತಿದ್ದರೆ, ಟೀಚರ್ ಹೊಟ್ಟೆ ಹಿಡಿದುಕೊಂಡು ನಕ್ಕರು.

ಮೂಲೆಯ ಹುಡುಗಿಯನ್ನು ನೋಡಿದಾಗ ಆ ನಗು ನಿಂತಿತು. ಅವಳು ನಿಜವಾಗಿಯೂ ತಪ್ಪುತ್ತಿದ್ದಳು. 'ಇನ್ನೊಂದು ಸಲ' ಎಂಬ ಗುಂಡಿ ಒತ್ತುವಳು, ಮತ್ತೆ ತಪ್ಪುವಳು. ಆ ಗಲಾಟೆಯಲ್ಲಿ ಅವಳ ತಪ್ಪು ಯಾರಿಗೂ ಗೊತ್ತಾಗಲಿಲ್ಲ. ಒಂಬತ್ತನೆಯ ಸಲಕ್ಕೆ ಸರಿ ಬಂತು.

ಮಕ್ಕಳು ಹೋದ ಮೇಲೆ ಟೀಚರ್ ಕೇಳಿದರು, "ಆ ಅಂಗಡೀಲಿ ಅಂಥದ್ದೇನಿತ್ತೋ?" ಇಷ್ಟು ವರ್ಷದಲ್ಲಿ ಕೇಳಿದ್ದು ಅದೇ ಮೊದಲು.

"ಅಲ್ಲಿ ಸೋತ್ರೆ ಯಾರೂ ನಗ್ತಿರ್ಲಿಲ್ಲ. ಬೋರ್ಡ್ ಹತ್ರ ತಪ್ಪಿದ್ರೆ ಇಡೀ ಕ್ಲಾಸೇ ನಗ್ತಿತ್ತು." ಆಮೇಲೆ ಸೇರಿಸಿದ, "ನೀವೂ."

ಸೀಮೆಸುಣ್ಣದ ಪುಡಿ ಹಾರುತ್ತಿದ್ದ ಆ ತರಗತಿ, ಆ ನಗು, ಎಷ್ಟು ಚೆನ್ನಾಗಿತ್ತು ಎಂದುಕೊಂಡೇ ಟೀಚರ್ ಇಷ್ಟು ದಿನ ಬದುಕಿದ್ದರು.

ನಕ್ಷತ್ರ, ತುತ್ತೂರಿ, ಸೀನು ಎಲ್ಲವನ್ನೂ ತೆಗೆಸಿದರು. 'ಇನ್ನೊಂದು ಸಲ' ಗುಂಡಿಯನ್ನು ದೊಡ್ಡದು ಮಾಡಿಸಿದರು. ಸಹಿ ಹಾಕಿ, ಕಾಗದ ಕೊಡದೆ ಕೇಳಿದರು:

"ಅವತ್ತು ನೀನು ತಪ್ಪಿದ ಲೆಕ್ಕ ನೆನಪಿದೆಯೇನೋ?"

"ಮರೆಯೋದುಂಟಾ ಟೀಚರ್?"

ಗೋಡೆಯ ಬಿಳಿ ಬೋರ್ಡಿನ ಪೆನ್ನು ತೆಗೆದು ಅವನ ಕೈಗಿಟ್ಟರು.

"ಮಾಡು, ಇನ್ನೊಂದು ಸಲ. ನಾನು ನಗಲ್ಲ."