ಮುಚ್ಚಿದ ಸೀಸೆಯೊಳಗೆ ಇರುವವರೆಗೆ

ತಂಬೂರು ಹಳ್ಳಿಯ ದುರ್ಗಾ ಕೆಮಿಸ್ಟ್ರಿಯಲ್ಲಿ ಎಂ.ಎಸ್ಸಿ. ಮುಗಿಸಿದಾಗ ಅವಳ ಕೇರಿಯಲ್ಲಿ ಅಷ್ಟು ಓದಿದವರು ಬೇರೆ ಯಾರೂ ಇರಲಿಲ್ಲ. ತಾಯಿ ಕಂಡವರ ಹೊಲದಲ್ಲಿ ಕಳೆ ಕಿತ್ತು ಓದಿಸಿದ್ದಳು. ಕಲಘಟಗಿ ರಸ್ತೆಯ ಒಂದು ಖಾಸಗಿ ಪ್ರಯೋಗಾಲಯದಲ್ಲಿ ಅವಳಿಗೆ ಕೆಲಸ ಸಿಕ್ಕಿತು. ಅಲ್ಲಿ ಪೆಪ್ಟೈಡುಗಳಿಗೆ, ಅಂದರೆ ಪ್ರೋಟೀನಿನ ಸಣ್ಣ ತುಣುಕುಗಳಿಗೆ, ವಿಕಿರಣ ಸೂಸುವ ಅಯೋಡಿನ್ ಅಂಟಿಸುತ್ತಿದ್ದರು. ಆ ತುಣುಕು ಇಲಿಯ ಮೈಯಲ್ಲಿ ಯಾವ ಗಡ್ಡೆಯನ್ನು ಹುಡುಕಿ ಕೂತಿದೆ ಎಂಬುದು ಆಮೇಲೆ ಯಂತ್ರಕ್ಕೆ ಸಿಗುತ್ತಿತ್ತು.

ಹಳೆಯ ವಿಧಾನದಲ್ಲಿ ಉಗ್ರವಾದ ರಾಸಾಯನಿಕ ಬೇಕಿತ್ತು. ಅದು ಪೆಪ್ಟೈಡನ್ನೇ ಕೆಡಿಸುತ್ತಿತ್ತು, ಅಯೋಡಿನ್ ಹಬೆಯಾಗಿ ಏಳುತ್ತಿತ್ತು. ದುರ್ಗಾ ಒಂದೂವರೆ ವರ್ಷ ಒದ್ದಾಡಿ ತಾಮ್ರದ ವಿಧಾನವನ್ನು ಹದಕ್ಕೆ ತಂದಳು. ಪೆಪ್ಟೈಡಿಗೆ ಮೊದಲೇ ಬೋರಾನಿನ ಕೊಂಡಿಯೊಂದನ್ನು ಸೇರಿಸಿಡಬೇಕು. ಚೂರು ತಾಮ್ರದ ಲವಣ ಬಿದ್ದರೆ ಕೊಂಡಿ ಕಳಚಿ ಅಯೋಡಿನ್ ಅದೇ ಜಾಗದಲ್ಲಿ ಕೂಡುತ್ತದೆ. ಕಾಯಿಸುವುದೂ ಬೇಡ. ತನ್ನ ವರದಿಯಲ್ಲಿ ಅವಳು ಬರೆದಳು: 'ಮುಚ್ಚಿದ ಸೀಸೆಯೊಳಗೆ ಇರುವವರೆಗೆ ಅಯೋಡಿನ್ ಹಬೆ ಹೊರಬರುವುದಿಲ್ಲ.'

ಸೀಸೆ ತೊಳೆಯುವ ಕೆಲಸ ಸಣ್ಣವ್ವನದು. ಗುತ್ತಿಗೆಯ ಆಳು, ತಂಬೂರಿನವಳೇ. ದುರ್ಗಾ ಅವಳನ್ನು ಚಿಕ್ಕಮ್ಮನೆಂಬಂತೆ ಚಿಗವ್ವ ಎಂದೇ ಕರೆಯುತ್ತಿದ್ದಳು. ಶ್ರಾವಣದ ಒಂದು ಮುಂಜಾನೆ ಸಣ್ಣವ್ವ ಆಸಿಡ್ ಸುರಿದು ಸೀಸೆ ಉಜ್ಜುತ್ತಿದ್ದಳು. ವಿಕಿರಣ ಅಳೆಯುವ ಬ್ಯಾಜು ಅವಳ ಎದೆಯ ಮೇಲಿರಲಿಲ್ಲ.

"ಚಿಗವ್ವ, ಬ್ಯಾಜ್ ಎಲ್ಲೈತಿ?"

"ಯುಗಾದಿ ಮುಂದ ತಗೊಂಡ್ರವ್ವ. ವಾರಕ್ಕೊಮ್ಮೆ ಯಂತ್ರ ಹಿಡದು ಕುತ್ತಗಿ ನೋಡೂದೂ ಬಿಟ್ರು. ನೀನ ಬರದ್ಯಂತಲ್ಲ, ಈಗ ಏನೂ ಕಾಟ ಇಲ್ಲಂತ?"

ತೊಳೆಯಲು ಬಂದ ಸೀಸೆಗಳಲ್ಲಿ ಅಂಟದೆ ಉಳಿದ ಅಯೋಡಿನ್ ಇರುತ್ತದೆ. ಆಸಿಡ್ ತಾಗಿದರೆ ಅದು ಹಬೆಯಾಗಿ ಮೇಲೇಳಬಹುದು. ಮೂಗಿನಿಂದ ಹೊಕ್ಕು ಕುತ್ತಿಗೆಯ ಥೈರಾಯ್ಡಿನಲ್ಲಿ ಮನೆ ಮಾಡುತ್ತದೆ. ದುರ್ಗಾ ಸಣ್ಣವ್ವನನ್ನು ಕೂರಿಸಿ ಕುತ್ತಿಗೆಗೆ ಯಂತ್ರ ಹಿಡಿದಳು. ಅಂಕಿ ತನ್ನದಕ್ಕಿಂತ ಮೂರು ಪಟ್ಟು ಬಂತು.

ನೇರವಾಗಿ ವ್ಯವಸ್ಥಾಪಕ ಮಾಂತೇಶನ ಕೋಣೆಗೆ ಹೋದಳು. ಅವನು ಬ್ಯಾಜು, ಪರೀಕ್ಷೆ ನಿಲ್ಲಿಸಿದ ಆದೇಶದ ಪ್ರತಿಯನ್ನು ಮುಂದೆ ತಳ್ಳಿದ. ಅದರಲ್ಲಿ ಅವಳ ಹೆಸರಿತ್ತು, ಅವಳ ವಾಕ್ಯವಿತ್ತು: 'ಅಯೋಡಿನ್ ಹಬೆ ಹೊರಬರುವುದಿಲ್ಲ.' ಮೊದಲ ಮೂರು ಪದ ಇರಲಿಲ್ಲ.

"ನನ್ನ ಮಾತಿನ ರುಂಡಾ ಕಡದು ಬರೇ ಮುಂಡಾ ಇಟ್ಟೀರಲ್ರಿ! ಆಕಿ ಸೀಸೆ ಮುಚ್ಚೂದಿಲ್ರಿ, ತೊಳೀತಾಳ!"

"ಗುತ್ತಿಗಿ ಮಂದಿ ಇವತ್ತ ಇರ್ತಾರ, ನಾಳೆ ಹೋಗ್ತಾರ. ಎಷ್ಟ ಮಂದೀಗೆ ಬ್ಯಾಜ್ ಹಚಗೋತ ಕೂಡೂದು?"

"ಆಕಿ ಹೋಗ್ತಾಳ ಖರೆ. ಆಕಿ ಕುತ್ತಗಿ ಆಕಿ ಕೂಡನ ಹೋಗತೈತ್ರಿ!"

ಮರುದಿನದಿಂದ ದುರ್ಗಾ ಅಯೋಡಿನ್ ಮುಟ್ಟಲಿಲ್ಲ. ತನ್ನ ಪೂರ್ತಿ ವರದಿ, ಕತ್ತರಿಸಿದ ಆದೇಶ, ಸಣ್ಣವ್ವನ ಕುತ್ತಿಗೆಯ ಅಂಕಿ, ಮೂರನ್ನೂ ವಿಕಿರಣ ಸುರಕ್ಷತೆ ನೋಡಿಕೊಳ್ಳುವ ಕಚೇರಿಗೆ ಕಳಿಸಿದಳು. ಮಾಂತೇಶ ಅವಳಿಗೆ ಶಿಸ್ತಿನ ನೋಟಿಸು ಕೊಟ್ಟ. ಸಂಜೆ ಬಸ್ಸಿನಲ್ಲಿ ಸಣ್ಣವ್ವ ಅಳುವಂತಾದಳು.

"ನನ್ನ ಸಂಬಂಧ ನೌಕರಿ ಕಳಕೋಬ್ಯಾಡವಾ. ನಿನ್ನ ಅವ್ವಗ ನಾ ಏನ್ ಮುಖಾ ತೋರಸ್ಲಿ?"

"ನನ್ನ ಹೆಸರಿಲೆ ನಿನಗ ವಿಷಾ ಹಾಕ್ಯಾರ, ಚಿಗವ್ವ. ಸುಮ್ಮನ ಕುಂತ್ರ ನಾ ಏನ್ ಮುಖಾ ತೋರಸ್ಲಿ?"

ಮೂರು ವಾರಕ್ಕೆ ತಪಾಸಣೆಯವರು ಬಂದರು. ತೊಳೆಯುವ ಎಲ್ಲರ ಕುತ್ತಿಗೆ ಅಳೆದರು. ಸಣ್ಣವ್ವನದು ಮಿತಿಯೊಳಗಿತ್ತು. ಮಾಂತೇಶನ ಮುಖ ಅರಳಿತು.

"ನೋಡ್ರಿ, ಏನೂ ಆಗಿಲ್ಲ. ಸುಮ್ಮನ ಗದ್ಲಾ ಎಬ್ಬಿಸಿದ್ರು."

ಆ ಮಾತು ದುರ್ಗಾಳನ್ನು ಎಲ್ಲಕ್ಕಿಂತ ಹೆಚ್ಚು ಕೆರಳಿಸಿತು. "ಇವತ್ತಿಂದು ಅಳದೀರಿ. ಬ್ಯಾಜ್ ಇಲ್ಲದ ನಾಕ ತಿಂಗಳದ್ದು ಎಲ್ಲೈತ್ರಿ? ಏನೂ ಆಗಿಲ್ಲ ಅನ್ನಾಕ ಅಳದವರ ಯಾರ್ರಿ?"

ಬ್ಯಾಜು ವಾಪಸು ಬಂತು, ವಾರದ ಪರೀಕ್ಷೆಯೂ ಶುರುವಾಯಿತು. ವಿಕಿರಣ ಇಳಿಯುವವರೆಗೆ ಸೀಸೆಗಳನ್ನು ಬೇರೆ ಕೋಣೆಯಲ್ಲಿಡಬೇಕೆಂದು ತಪಾಸಣೆಯವರು ಬರೆದುಕೊಟ್ಟರು. ಓದುಬರಹ ಬಾರದ ಸಣ್ಣವ್ವ ಅವರ ದಾರಿಗೆ ಅಡ್ಡ ನಿಂತು, "ನನ್ನ ಕುತ್ತಗಿ ನಂಬರ್ ನನ್ನ ಹೆಸರಿಲೆ ಬರದು ನನ್ನ ಕೈಯಾಗ ಕೊಡ್ರಿ" ಎಂದು ಕೇಳಿ ಚೀಟಿ ಬರೆಸಿಕೊಂಡಳು.

ದುರ್ಗಾ ಮತ್ತೆ ತಾಮ್ರದ ಕೆಲಸಕ್ಕೆ ಕೂತಳು. ಅವಳ ಮೇಲಿನ ನೋಟಿಸನ್ನು ಮಾತ್ರ ಇಂದಿಗೂ ಯಾರೂ ಹಿಂದಕ್ಕೆ ತೆಗೆದುಕೊಂಡಿಲ್ಲ.