ಓಣಿಗೆ ಮಜ್ಜಿಗೆ, ಗಿರಾಕಿಗೆ ಗಡಿಗೆ ತೊಳೆದ ನೀರು

ಎರಡು ವರ್ಷದ ಹಿಂದಿನ ಬೇಸಿಗೆಯ ಮಾತು. ದೂರವಾಣಿ ಇಲಾಖೆಯ ಉಪವಿಭಾಗೀಯ ಎಂಜಿನಿಯರ್ ಹುದ್ದೆಯಿಂದ ನಿವೃತ್ತಳಾಗಿ ಕಲಬುರಗಿಯ ಖೂಬಾ ಪ್ಲಾಟ್‌ನ ನಮ್ಮ ಮನೆಯಲ್ಲಿದ್ದೆ. ಸುಮ್ಮನೆ ಕೂತರೆ ನನ್ನ ಸಿಟ್ಟೆಲ್ಲ ಮನೆಯವರ ಮೇಲೆ ಹೋಗುತ್ತದೆಂದು ಹೋಟೆಲು, ಆಸ್ಪತ್ರೆ, ಕಾಲೇಜುಗಳ ವೈಫೈ ಪರೀಕ್ಷೆ ಮಾಡಿಕೊಡುವ ಕೆಲಸ ಹಿಡಿದಿದ್ದೆ. ಲ್ಯಾಪ್‌ಟಾಪ್ ಹಿಡಿದು ಕೋಣೆ ಕೋಣೆ ತಿರುಗುವುದು, ಸಿಗ್ನಲ್ ಎಲ್ಲಿ ಬರುತ್ತದೆ, ಎಲ್ಲಿ ಸಾಯುತ್ತದೆ ಎಂದು ನಕಾಶೆ ಮಾಡುವುದು, ಕಾರಣ ಹೇಳುವುದು. ಇದಕ್ಕೆ ಸೈಟ್ ಸರ್ವೆ ಅನ್ನುತ್ತಾರೆ.

ಈ ಕೆಲಸದಲ್ಲಿ ನನಗೆ ಹೋಟೆಲ್ ಮಾಲೀಕರ ಬಗ್ಗೆ ಒಳ್ಳೆಯ ಅಭಿಪ್ರಾಯ ಬೆಳೆಯಲಿಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಊರು ಬಿಟ್ಟು ಬಂದವನು ಹಾಸಿಗೆ, ಬಿಸಿನೀರು, ನೆಟ್ ಈ ಮೂರನ್ನೇ ಕೇಳುವುದು. ಹಾಸಿಗೆ, ಬಿಸಿನೀರು ಕೆಟ್ಟಿದ್ದರೆ ಮಾಲೀಕನಿಗೆ ನಾಚಿಕೆಯಾಗುತ್ತದೆ. ನೆಟ್ ಕೆಟ್ಟಿದ್ದರೆ ಮಾತ್ರ ‘ಅದು ಕಂಪನಿ ತಪ್ಪು’ ಎಂದು ಕೈ ತೊಳೆದುಕೊಂಡು, ಅದಕ್ಕೂ ಬೇರೆ ರೊಕ್ಕ ಕೀಳುತ್ತಾರೆ.

ಕೋಟೆಗೂ ಮಾರುಕಟ್ಟೆಗೂ ನಡುವಿನ ಓಣಿಯೊಂದರಲ್ಲಿ ಅಂಥದೊಂದು ಹೋಟೆಲಿತ್ತು. ಹೆಸರು ಬೇಡ. ಹಳೆಯ ಕಲ್ಲಿನ ಕಟ್ಟಡದ ಮೇಲೆ ಕಲ್ಲಿನಲ್ಲೇ ಎರಡು ಮಹಡಿ ಏರಿಸಿದ್ದರು. ಮಾಲೀಕರನ್ನು ಓಣಿಯವರೆಲ್ಲ ಸಾಹುಕಾರರು ಎನ್ನುತ್ತಿದ್ದರು. ಅವರ ಮನೆ ಹೋಟೆಲಿನ ಹಿಂಭಾಗಕ್ಕೇ ಅಂಟಿಕೊಂಡಿತ್ತು. ಅವರೇ ಫೋನ್ ಮಾಡಿದ್ದು. “ಮೇಡಂ, ಆನ್‌ಲೈನ್‌ನಾಗ ಬರೇ ಬೈಗುಳ ಬರ್ಲಾಕತ್ತಾವ್ರಿ. ಒಂದು ಸಲ ಬಂದು ನೋಡಿ ಹೋಗ್ರಿ.”

ಹೋದೆ. ಕೌಂಟರಿನ ಮೇಲೆ ‘ಹೈ ಸ್ಪೀಡ್ ವೈಫೈ’ ಎಂದು ದೊಡ್ಡ ಬೋರ್ಡು. ಕೆಳಗೆ ಸಣ್ಣಕ್ಷರದಲ್ಲಿ ದರ: ಸಾದಾ ದಿನಕ್ಕೆ ನೂರು ರೂಪಾಯಿ, ಪ್ರೀಮಿಯಂ ಇನ್ನೂರೈವತ್ತು. ಕೋಣೆ ಬಾಡಿಗೆಯ ಮೇಲೆ ಇದು. ಕೌಂಟರಿನ ಮುಂದೆ ನೆಟ್ ಚೆನ್ನಾಗಿಯೇ ಬರುತ್ತಿತ್ತು. ಮೊದಲ ಮಹಡಿಯಲ್ಲಿ ಕುಂಟುತ್ತಿತ್ತು. ಎರಡನೇ ಮಹಡಿಯಲ್ಲಿ ಫೋನಿನ ಮೇಲೆ ಗೆರೆಗಳೇನೋ ಕಾಣುತ್ತಿದ್ದವು, ಆದರೆ ಒಂದು ಫೋಟೋ ತೆರೆಯುವಷ್ಟೂ ವೇಗವಿರಲಿಲ್ಲ. ಜನ ಇಲ್ಲೇ ಮೋಸ ಹೋಗುವುದು. ಆ ಗೆರೆಗಳು ಗಡಿಗೆ ಇದೆ ಎಂದಷ್ಟೇ ಹೇಳುತ್ತವೆ. ಗಡಿಗೆಯಲ್ಲಿ ಏನಿದೆ ಎಂದು ಹೇಳುವುದಿಲ್ಲ. ಅದಕ್ಕೆ ಬ್ಯಾಂಡ್‌ವಿಡ್ತ್, ಅಂದರೆ ನಿಜಕ್ಕೂ ಎಷ್ಟು ನೆಟ್ ಹರಿಯುತ್ತಿದೆ ಎಂಬುದನ್ನು, ಅಳೆದೇ ನೋಡಬೇಕು.

ಎರಡನೇ ಮಹಡಿಯ ಕೊನೆಯ ಕೋಣೆಯ ಬಾಗಿಲು ತೆರೆದಿತ್ತು. ಒಬ್ಬ ಮನುಷ್ಯ ಕುರ್ಚಿಯ ಮೇಲೆ ನಿಂತು, ಗೋಡೆಯ ಮೇಲಿನ ಗಾಳಿಕಿಂಡಿಗೆ ಫೋನ್ ಒತ್ತಿ ಹಿಡಿದಿದ್ದ. “ಬೀಳ್ತೀರಿ, ಇಳೀರಿ ಕೆಳಗ” ಎಂದು ಗದರಿದೆ. ತಿರುಗಿಯೂ ನೋಡಲಿಲ್ಲ. ಕುರ್ಚಿ ಮುಟ್ಟಿದಾಗ ಬೆಚ್ಚಿ ಇಳಿದು, ಕಿವಿ ತೋರಿಸಿ ಕೈ ಆಡಿಸಿದ. ಕಿವಿ ಕೇಳದು, ಮಾತೂ ಬಾರದು.

ಆಮೇಲೆ ಅವನು ಫೋನಿನಲ್ಲಿ ಇಂಗ್ಲಿಷಿನಲ್ಲಿ ಟೈಪ್ ಮಾಡಿ ತೋರಿಸುತ್ತ ಹೋದ, ನಾನೂ ಟೈಪ್ ಮಾಡಿ ಕೇಳುತ್ತ ಹೋದೆ. ಹೆಸರು ಸೆಲ್ವಂ, ತಮಿಳುನಾಡಿನವನು. ಕಮಲಾಪುರದ ಒಂದು ದಾಲ್ ಮಿಲ್ಲಿನಲ್ಲಿ ಕಲರ್ ಸಾರ್ಟರ್ ಕೂರಿಸಲು ಬಂದಿದ್ದ. ಕ್ಯಾಮೆರಾದಿಂದ ಬೇಳೆ ನೋಡಿ ಕಪ್ಪು ಕಾಳನ್ನು ಗಾಳಿಯಿಂದ ಹಾರಿಸಿ ಹಾಕುವ ಯಂತ್ರ ಅದು. ದಿನಾ ಬಸ್ಸಿನಲ್ಲಿ ಕಮಲಾಪುರಕ್ಕೆ ಹೋಗಿಬರುತ್ತಿದ್ದ. ಅಲ್ಲೇ ಉಳಿಯಬಹುದಿತ್ತು, ಈ ಬೋರ್ಡು ನಂಬಿ ಇಲ್ಲಿ ಕೋಣೆ ಹಿಡಿದಿದ್ದ. ಬಂದ ದಿನದಿಂದ ಪ್ರೀಮಿಯಂ ಹಣ ಕೊಡುತ್ತಿದ್ದ.

ಅವನ ಏಳು ವರ್ಷದ ಮಗಳಿಗೂ ಕಿವಿ ಕೇಳದು. ಹೃದಯದಲ್ಲಿ ಹುಟ್ಟಿನಿಂದ ಒಂದು ರಂಧ್ರ. ಮುಂದಿನ ವಾರ ಇದ್ದ ಆಪರೇಷನ್ನು ಇದ್ದಕ್ಕಿದ್ದಂತೆ ಮರುದಿನ ಬೆಳಿಗ್ಗೆಗೆ ಬಂದಿತ್ತು. ಯಾವ ಗಾಡಿ ಹಿಡಿದರೂ ಅಷ್ಟರೊಳಗೆ ಊರು ಮುಟ್ಟುವಂತಿರಲಿಲ್ಲ. ತಾಯಿಗೆ ಕಿವಿ ಕೇಳುತ್ತದೆ, ಊಟದ, ಸ್ನಾನದ, ಶಾಲೆಯ ಸನ್ನೆಗಳು ಗೊತ್ತು. ಹೆದರಿಕೆಯ ಮಾತನ್ನೆಲ್ಲ ಮಗು ಅಪ್ಪನ ಜೊತೆಗೇ ಆಡುವುದು. ಹಿಂದೊಮ್ಮೆ ಮುಖಕ್ಕೆ ಮಾಸ್ಕ್ ಇಡಲು ಬಂದಾಗ ಡಾಕ್ಟರ ಕೈ ಕಚ್ಚಿ ಓಡಿಹೋಗಿತ್ತಂತೆ. ಈ ಸಲವೂ ಹಾಗೇ ಮಾಡಿದರೆ ಆಪರೇಷನ್ ಮುಂದೂಡುತ್ತೇವೆ, ಮತ್ತೆ ಯಾವಾಗಲೋ ಹೇಳಲಾಗದು ಎಂದಿದ್ದರು. ಒಳಗೆ ಕರೆದೊಯ್ಯುವ ಮುಂಚೆ ಅಪ್ಪ ವಿಡಿಯೋದಲ್ಲಿ ಎಲ್ಲ ತಿಳಿಸಿ ಹೇಳಬೇಕಿತ್ತು.

ಮಾತಿನ ಕರೆಯಲ್ಲಿ ನಡುವೆ ನಾಲ್ಕು ಶಬ್ದ ತಪ್ಪಿದರೂ ಕೇಳುವವರು ತುಂಬಿಕೊಳ್ಳುತ್ತಾರೆ. ಸನ್ನೆ ಭಾಷೆಯಲ್ಲಿ ಚಿತ್ರ ನಿಂತರೆ ಮಾತೇ ನಿಂತಿತು. ಮೇಲಾಗಿ ಎರಡೂ ಕೈ ಖಾಲಿ ಇರಬೇಕು, ಫೋನು ಎಲ್ಲಾದರೂ ಒರಗಿರಬೇಕು, ಮುಖದ ಮೇಲೆ ಬೆಳಕಿರಬೇಕು. ಆಟೋಗಳ ನಡುವೆ ರಸ್ತೆಯಲ್ಲಿ ನಿಂತು ಆಗುವ ಕೆಲಸವಲ್ಲ. ಆ ಕಲ್ಲುಗೋಡೆಗಳ ಒಳಗೆ ಮೊಬೈಲ್ ಸಿಗ್ನಲ್ಲೂ ಇರಲಿಲ್ಲ.

ಕೆಳಗಿಳಿದು ಅಕ್ಸೆಸ್ ಪಾಯಿಂಟ್‌ಗಳನ್ನು ಹುಡುಕಿದೆ. ಗಾಳಿಯಲ್ಲಿ ನೆಟ್ ಹರಡುವ ಬಿಳಿ ಡಬ್ಬಿಗಳು ಅವು. ಮಹಡಿಗೊಂದು ಎಂದು ಕೊಂಡ ಎರಡು ಡಬ್ಬಿ ಮಹಡಿಗಳಲ್ಲಿ ಇರಲೇ ಇಲ್ಲ. ಒಂದು ಸಾಹುಕಾರರ ಮನೆಯ ಕಡೆ ಮುಖ ಮಾಡಿ ಹಿಂದಿನ ಗೋಡೆಯಲ್ಲಿ ಕೂತಿತ್ತು, ಇನ್ನೊಂದು ಓಣಿಯ ಅಂಗಡಿಗಳ ಕಡೆ ನೋಡುತ್ತಿತ್ತು. ರೂಟರಿನ ಸೆಟಿಂಗ್ ತೆರೆದು ನೋಡಿದರೆ ಇನ್ನೂ ಹೇಸಿಗೆ. ಮನೆಯ ಹೆಸರಿನ ನೆಟ್‌ವರ್ಕಿಗೆ ಮೊದಲ ಪಾಲು, ಇಡೀ ಹೋಟೆಲಿಗೆ ಉಳಿದ ಚೂರು. ಸಾದಾ, ಪ್ರೀಮಿಯಂ ಎರಡೂ ಆ ಒಂದೇ ಚೂರಿನಲ್ಲಿ. ಹೆಚ್ಚು ಹಣ ಕೊಟ್ಟವನಿಗೆ ಬೇರೆ ಪಾಸ್‌ವರ್ಡ್, ಅಷ್ಟೇ. ಮೂವತ್ತು ವರ್ಷದ ನೌಕರಿಯಲ್ಲಿ ಕಳ್ಳ ಲೈನು ಎಳೆದವರನ್ನು ಬೇಕಾದಷ್ಟು ಕಂಡಿದ್ದೇನೆ, ಅವರು ಕನಿಷ್ಠ ಬೋರ್ಡು ಹಾಕುತ್ತಿರಲಿಲ್ಲ.

ಸಾಹುಕಾರರಿಗೆ ಇದರಲ್ಲಿ ತಪ್ಪೇ ಕಾಣಲಿಲ್ಲ. ನನಗೆ ಲಸ್ಸಿ ತರಿಸಿ, ಸಮಾಧಾನದಿಂದ ಹೇಳಿದರು. “ಮಜ್ಜಿಗಿ ಮಾರಬಾರದು ಅಂತ ನಮ್ಮವ್ವ ಹೇಳ್ತಿದ್ಳ್ರಿ. ಓಣ್ಯಾಗಿನವರು ಬಂದು ನೆಟ್ ಕೊಡ್ರಿ ಅಂದ್ರ ಇಲ್ಲ ಅನ್ನಾಕ ಬಾಯಿ ಬರಂಗಿಲ್ಲ. ಅಣ್ಣತಮ್ಮರು, ದರ್ಜಿ, ಕಿರಾಣಿಯಂವ, ಎಲ್ಲಾರೂ ನಮ್ಮವರೇ.”

ನಮ್ಮ ಕಡೆ ಇದು ನಿಜವಾದ ಪದ್ಧತಿ. ನನ್ನ ತಾಯಿಯೂ ಮಜ್ಜಿಗೆ ಕೇಳಿ ಬಂದವರನ್ನು ಖಾಲಿ ಕೈಯಲ್ಲಿ ಕಳಿಸಿದ್ದಿಲ್ಲ. ಅದಕ್ಕೇ ನನಗೆ ಇನ್ನಷ್ಟು ಮೈ ಉರಿಯಿತು. “ಓಣಿಗೆ ಮಜ್ಜಿಗಿ ಕೊಡ್ರಿ, ಬ್ಯಾಡ ಅನ್ನಂಗಿಲ್ಲ. ಗಿರಾಕಿಗೆ ಗಡಿಗಿ ತೊಳೆದ ನೀರು ಕೊಟ್ಟು ಮಜ್ಜಿಗಿ ರೊಕ್ಕ ಯಾಕ ತಗೊಳ್ತೀರಿ?” ಎಂದೆ. ಸೆಲ್ವಂನ ವಿಷಯ ಪೂರ್ತಿ ಹೇಳಿದೆ.

ಅವರು ನಿಜವಾಗಿಯೂ ಆಶ್ಚರ್ಯಪಟ್ಟರು. “ಮಾತೇ ಬರಂಗಿಲ್ಲಲ್ರೀ ಅವಗ. ವಿಡಿಯೋ ಕಾಲ್ ತಗೊಂಡು ಏನ್ ಮಾಡ್ತಾನ?”

“ಮಾತು ಬರದವನ ಹತ್ರ ದಿನಾ ಇನ್ನೂರೈವತ್ತು ಕೇಳಾಕ ನಿಮಗ ಮಾತು ಬರ್ತದಲ್ಲ” ಎಂದೆ. ಲಸ್ಸಿ ಮುಟ್ಟಲಿಲ್ಲ.

ಸೆಟಿಂಗ್ ಆಗಲೇ ಬದಲಿಸುತ್ತೇನೆ ಎಂದರೆ ಒಪ್ಪಲಿಲ್ಲ, ಅಂದು ಸಂಜೆ ಮಗಳ ಮನೆಯ ಬೀಗರು ಬರುವವರಿದ್ದರು. ಮನೆಯ ಪಾಸ್‌ವರ್ಡನ್ನಾದರೂ ಅವನಿಗೆ ಕೊಡಿ ಎಂದೆ. ಗಿರಾಕಿಗೆ ಮನೆ ಪಾಸ್‌ವರ್ಡ್ ಕೊಡುವುದು ಪದ್ಧತಿಯಲ್ಲವಂತೆ. ಹಾಗಾದರೆ ಅವನನ್ನು ನಮ್ಮ ಮನೆಗೇ ಕರೆದೊಯ್ಯುತ್ತೇನೆ ಎಂದಾಗ ಮಾತ್ರ ಅವರ ಮಾನಕ್ಕೆ ಬಡಿಯಿತು. “ನಮ್ಮ ಗಿರಾಕಿ ನಿಮ್ಮ ಮನಿಗಿ ಯಾಕ ಬರ್ತಾನ್ರಿ? ಮುಂಜಾನೆ ನೀವ ಬಂದು ಎಲ್ಲಾ ನೆಟ್ ಅವನ ಖೋಲಿಗಿ ತಿರುಗಿಸ್ರಿ. ಶರಣರ ಆಣಿ, ನಾ ನಡುವ ಬರಂಗಿಲ್ಲ.” ಆಣೆ ಕೇಳಿ ನಾನು ನಂಬಿದೆ, ಟೈಪ್ ಮಾಡಿ ತಿಳಿಸಿದಾಗ ಸೆಲ್ವಂ ಕೂಡ ನಂಬಿದ.

ಮರುದಿನ ಬೆಳಿಗ್ಗೆ ಹೋದರೆ ರೂಟರ್ ಇದ್ದ ಕೋಣೆಗೆ ಬೀಗ. ಹಿಂದಿನ ಮನೆಯ ಪಡಸಾಲೆಯಲ್ಲಿ ಬೀಗರು ಸಾಲಾಗಿ ಕೂತು ದೊಡ್ಡ ಟಿವಿಯಲ್ಲಿ ಪಿಕ್ಚರ್ ನೋಡುತ್ತಿದ್ದರು. ಸಾಹುಕಾರರು ನನ್ನನ್ನು ಬಾಗಿಲಲ್ಲೇ ತಡೆದು ದನಿ ತಗ್ಗಿಸಿದರು. “ಬೀಗರು ನೋಡ್ಲಾಕತ್ತಾರ್ರಿ. ಅವರ ಮುಂದ ನೆಟ್ ಹೆಂಗ ಬಂದ್ ಮಾಡ್ಲಿ? ಒಂದು ತಾಸು ತಡೀರಿ.”

“ಆಪರೇಷನ್ ತಡಿತದೇನ್ರಿ?”

“ಪಿಕ್ಚರ್ ಮುಗೀಲಾಕ ಬಂದದ್ರಿ” ಎಂದರು. ಆ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ.

ಮೇಲೆ ಓಡಿದೆ. ಕರೆ ಬಂದೇ ಬಿಟ್ಟಿತ್ತು. ಸೆಲ್ವಂ ಫೋನನ್ನು ನೀರಿನ ಜಗ್ಗಿಗೆ ಒರಗಿಸಿ ಎರಡೂ ಕೈಯಲ್ಲಿ ಹೇಳಲು ಶುರುಮಾಡಿದ್ದ. ನನಗೆ ಆ ಭಾಷೆ ಬಾರದು, ಆದರೂ ಅರ್ಥವಾಯಿತು. ಅಂಗೈಯಿಂದ ಮೂಗು ಬಾಯಿ ಮುಚ್ಚಿಕೊಂಡ, ಅದು ಮಾಸ್ಕ್. ಮುಂದೆ ನಿದ್ದೆ, ಎಚ್ಚರ ಹೇಳಬೇಕು. ಅಷ್ಟರಲ್ಲಿ ಚಿತ್ರ ನಿಂತಿತು. ಈ ಕಡೆ ಅವನು ಕೈ ತೆಗೆದಿದ್ದ, ಕೆನ್ನೆಗೆ ಕೈಯಿಟ್ಟು ಮಲಗಿ ತೋರಿಸುತ್ತಿದ್ದ. ಆದರೆ ಆ ಕಡೆಗೆ ಹೋಗಿ ನಿಂತ ಚಿತ್ರದಲ್ಲಿ ಅವನ ಮುಖ ಅಂಗೈ ಅಡಿಯಲ್ಲೇ ಇತ್ತು, ತಾಯಿ ಆಮೇಲೆ ಅವನಿಗೆ ಬರೆದು ತಿಳಿಸಿದ್ದು. ಮಗುವಿಗೆ ಕಾಣುತ್ತಿದ್ದುದು ಅದೊಂದೇ: ಉಸಿರು ಮುಚ್ಚಿಕೊಂಡು ಅಲ್ಲಾಡದೆ ಕೂತ ಅಪ್ಪ. ನಮ್ಮ ಕಡೆಯ ಫೋನಿನಲ್ಲಿ ಮಗುವಿನ ಮುಖ ಚೂರುಚೂರಾಗಿ ಒಡೆದು ಬಂತು, ಬಾಯಿ ತೆರೆದು ಅಳುತ್ತಿತ್ತು. ತಾಯಿ ಹಿಡಿಯಲು ಹೋದಳು. ಕರೆ ಕಡಿಯಿತು.

ಸೆಲ್ವಂ ನನ್ನ ಕಡೆ ನೋಡಿದ. ನಾನು ಅವನ ಫೋನು ಕಿತ್ತುಕೊಂಡು, ಕೈ ಹಿಡಿದು ಎಳೆದುಕೊಂಡೇ ಮೆಟ್ಟಿಲಿಳಿದೆ. ಓಣಿಯ ಕಡೆಗಿನ ಡಬ್ಬಿ ಯಾವ ಗೋಡೆಯಲ್ಲಿದೆಯೆಂದು ಹಿಂದಿನ ದಿನವೇ ನೋಡಿದ್ದೆನಲ್ಲ. ಆ ಗೋಡೆಯ ಆಚೆ ಮೆಹಬೂಬಿ ಎಂಬಾಕೆಯ ದರ್ಜಿ ಅಂಗಡಿ. ಆಕೆ ಬ್ಲೌಸು ಹೊಲಿಯುತ್ತ ಫೋನಿನಲ್ಲಿ ವಿಡಿಯೋ ನೋಡುತ್ತಿದ್ದಳು, ಒಂದು ಕ್ಷಣವೂ ನಿಲ್ಲದ ವಿಡಿಯೋ.

“ಇವರ ಮಗಳಿಗಿ ಆಪರೇಷನ್ ಅದ. ನೆಟ್ ಬೇಕವ್ವಾ” ಎಂದೆ.

“ಅದಕ್ಕೇನ್ರಿ, ನಮ್ಮಲ್ಲಿ ಛಲೋ ಬರ್ತದ” ಎಂದು ಆಕೆ ತನ್ನ ಫೋನು ನನ್ನ ಕೈಗಿಟ್ಟಳು. ಅದರಲ್ಲಿದ್ದ ಸಾಹುಕಾರರ ಮನೆಯ ನೆಟ್‌ವರ್ಕನ್ನು ಸೆಲ್ವಂನ ಫೋನಿಗೆ ಹಾಕಿದೆ. ಮತ್ತೆ ಕರೆ ಮಾಡಿ ಫೋನನ್ನು ಹೊಲಿಗೆ ಯಂತ್ರಕ್ಕೆ ಒರಗಿಸಿದೆವು. ಕಾಲು ತಗಲಿದರೂ ಚಿತ್ರ ನಡುಗುತ್ತದೆಂದು ಮೆಹಬೂಬಿ ಪೆಡಲಿನಿಂದ ಕಾಲು ತೆಗೆದು ಎದ್ದು ನಿಂತಳು, ಅವನ ಮುಖಕ್ಕೆ ಬೆಳಕು ಬೀಳಲಿ ಎಂದು ಬಾಗಿಲ ಪರದೆ ಎತ್ತಿ ಹಿಡಿದಳು.

ಮಗು ಮೊದಲು ಫೋನಿನ ಕಡೆ ನೋಡಲೇ ಇಲ್ಲ. ತಾಯಿಯ ಹೆಗಲಲ್ಲಿ ಮುಖ ಹುದುಗಿಸಿತ್ತು. ಸೆಲ್ವಂ ಕಾದ. ತಿರುಗಿದಾಗ ಮುಖದ ಮೇಲೆ ಅಂಗೈಯಿಟ್ಟು, ತಕ್ಷಣ ತೆಗೆದು ನಕ್ಕು ತೋರಿಸಿದ. ಮತ್ತೆ ಇಟ್ಟ, ಮತ್ತೆ ತೆಗೆದ. ಆಮೇಲೆ ಕೆನ್ನೆಗೆ ಕೈ: ನಿದ್ದೆ. ಕಣ್ಣು ಬಿಟ್ಟ: ಎಚ್ಚರ. ಕೊನೆಗೆ ಎರಡು ಬೆರಳಲ್ಲಿ ತನ್ನ ಮೀಸೆ ತೀಡಿ ಎದೆ ಮುಟ್ಟಿಕೊಂಡ, ಎದುರಿಗೆ ಬೊಟ್ಟು ಮಾಡಿದ: ಅಪ್ಪ ಅಲ್ಲಿರುತ್ತಾನೆ. ಮಗು ಎಲ್ಲವನ್ನೂ ಒಂದೊಂದಾಗಿ ತಿರುಗಿ ಮಾಡಿ ತೋರಿಸಿತು. ಇಲ್ಲದ ಮೀಸೆಯನ್ನೂ ತೀಡಿಕೊಂಡಿತು. ಚಿತ್ರ ಒಮ್ಮೆಯೂ ನಿಲ್ಲಲಿಲ್ಲ. ನರ್ಸು ಬಂದಾಗ ತಾನೇ ಇಳಿದು ಆಕೆಯ ಕೈ ಹಿಡಿಯಿತು. ಮೆಹಬೂಬಿ ಪರದೆ ಹಿಡಿದಲ್ಲೇ ಅಳುತ್ತಿದ್ದಳು. ನಾನೂ ಅತ್ತೆ, ಯಾಕೆ ಮುಚ್ಚಿಡಲಿ.

ಆಪರೇಷನ್ ಚೆನ್ನಾಗಿ ಆಯಿತೆಂದು ಮಧ್ಯಾಹ್ನ ಸುದ್ದಿ ಬಂತು. ಸಂಜೆಯ ಗಾಡಿಗೆ ಹೊರಡಲು ಸೆಲ್ವಂ ಕೋಣೆ ಬಿಟ್ಟಾಗ ನಾನು ಕೌಂಟರಿನಲ್ಲೇ ಇದ್ದೆ. ಬಿಲ್ಲಿನಲ್ಲಿ ಆ ದಿನದ ಪ್ರೀಮಿಯಂ ವೈಫೈ ಕೂಡ ಇತ್ತು. “ಇದರ ರೊಕ್ಕ ಹೆಂಗ ತಗೊಳ್ತೀರಿ?” ಎಂದೆ. ಸಾಹುಕಾರರು ಶಾಂತವಾಗಿ, “ನೆಟ್ ಬಳಸ್ಯಾನಲ್ರೀ, ನಮ್ಮದೇ ಬಳಸ್ಯಾನ” ಎಂದರು. ಬೀಗರು ಮುಂದೆಯೇ ಕೂತಿದ್ದರು. ಸೆಲ್ವಂಗೆ ಗಾಡಿಯ ಹೊತ್ತಾಗಿತ್ತು. ಹಣ ಎಣಿಸಿಟ್ಟು, ನನಗೆ ಕೈ ಮುಗಿದು ಹೋದ. ಅಲ್ಲೇ ನಿಂತು ವರದಿ ಹೇಳಿದೆ: ಡಬ್ಬಿಗಳನ್ನು ಮಹಡಿಗೆ ಏರಿಸಿ, ಇಲ್ಲವೇ ಬೋರ್ಡು ಇಳಿಸಿ. ಅವರು ಎರಡನ್ನೂ ಮಾಡಲಿಲ್ಲ.

ಮಳೆಗಾಲದಲ್ಲಿ ಒಂದು ದಿನ ಬ್ಲೌಸು ಹೊಲಿಯಲು ಕೊಡುವ ನೆಪದಿಂದ ಮೆಹಬೂಬಿಯ ಅಂಗಡಿಗೆ ಹೋದೆ. ಬಾಗಿಲ ಬಳಿ ಹೊಸದಾಗಿ ಎರಡು ಸ್ಟೂಲು. ಬ್ಯಾಗು ತೊಡೆಯ ಮೇಲಿಟ್ಟುಕೊಂಡ ಇಬ್ಬರು ಪರವೂರಿನವರು ಫೋನಿನಲ್ಲಿ ಮನೆಯವರ ಜೊತೆ ಮಾತಾಡುತ್ತಿದ್ದರು. ಹೋಟೆಲಿನ ಗಿರಾಕಿಗಳು. ಮಲಗುವುದು ಅಲ್ಲಿ, ನೆಟ್ಟಿಗೆ ಇಲ್ಲಿ. ಹೀಗೆಂದು ಸುದ್ದಿ ಹಬ್ಬಿಬಿಟ್ಟಿತ್ತು.

ನಾನಿದ್ದಾಗಲೇ ಸಾಹುಕಾರರು ಬಂದರು. ನನ್ನನ್ನು ಕಂಡೂ ಕಾಣದಂತೆ ಮೆಹಬೂಬಿಗೆ ಹೇಳಿದರು. “ನಮ್ಮ ನೆಟ್ ನಮ್ಮ ಗಿರಾಕಿಗಿ ಕೊಡಬ್ಯಾಡವ್ವಾ. ನಮ್ಮ ಧಂದಾ ಹಾಳಾಗ್ತದ.”

ಆಕೆ ಹಲ್ಲಿನಲ್ಲಿ ಕಚ್ಚಿದ್ದ ದಾರ ಕಡಿದು, ತಲೆ ಎತ್ತಿ ನೋಡಿದಳು. “ಬಾಗಲಿಗಿ ಬಂದು ಕೇಳಿದ್ರ ಇಲ್ಲ ಅನ್ನಾಕ ಬಾಯಿ ಬರಂಗಿಲ್ರಿ, ಸಾಹುಕಾರ್ರೆ. ಮಜ್ಜಿಗಿ ಮಾರಬಾರದು ಅಂತ ನೀವ ಹೇಳೀರಲ್ಲ.”

ಸ್ಟೂಲಿನ ಮೇಲಿದ್ದವನೊಬ್ಬ ಮಾತು ನಿಲ್ಲಿಸಿ ಸಾಹುಕಾರರನ್ನು ನೋಡಿದ. ಅವನಿಗೆ ಕನ್ನಡ ಬರುತ್ತಿತ್ತು. ಸಾಹುಕಾರರು ಬಂದ ದಾರಿಯಲ್ಲೇ ತಿರುಗಿ ಹೋದರು.

ಅಂದಿನಿಂದ ಯಾವ ಹೋಟೆಲಿಗೆ ಸರ್ವೆಗೆ ಹೋದರೂ ನಾನು ಮೊದಲು ಮೇಲಿನ ಮಹಡಿಯ ಕೊನೆಯ ಕೋಣೆಗೆ ಹೋಗಿ, ಮನೆಗೆ ವಿಡಿಯೋ ಕರೆ ಮಾಡಿ, ಫೋನನ್ನು ನೀರಿನ ಜಗ್ಗಿಗೆ ಒರಗಿಸುತ್ತೇನೆ. ಅಂಗೈಯಿಂದ ಮುಖ ಮುಚ್ಚಿ ತೆಗೆಯುತ್ತೇನೆ. ಮನೆಯಲ್ಲಿ ಕೂತ ನನ್ನ ಯಜಮಾನರಿಗೆ ನನ್ನ ಮುಖ ಮತ್ತೆ ಕಂಡರೆ ಮಾತ್ರ, ಅಲ್ಲಿ ವೈಫೈ ಇದೆ ಎಂದು ಬರೆದುಕೊಡುತ್ತೇನೆ.